ಎಲೆ ಗೌಸಿಯಾಳೂ ಪೊರೆ ಬಿಡದ ಹಾವೂ

ಗೌಸಿಯಾಳನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಅವಳ ಬಗ್ಗೆ ನಾನು ಆಡುವ ನಾಲ್ಕು ಒಳ್ಳೆಯ ಮಾತನ್ನು ನೀವು ನನ್ನ ದೊಡ್ಡತನ ಅಂದುಕೊಂಡುಬಿಡುತ್ತೀರಿ. ಅಂಥ ದೊಡ್ಡತನ ನನ್ನಲ್ಲಿಲ್ಲ, ನನ್ನ ಗಂಡ ಮರುಳಪ್ಪನವರನ್ನು ಕೇಳಿದರೆ ಅವರೇ ಹೇಳುತ್ತಾರೆ.

ನ್ಯಾಮತಿಯ ಮಾರ್ಕೆಟ್ಟಿನಲ್ಲಿ ಹದಿನೆಂಟು ವರ್ಷದಿಂದ ನಾವಿಬ್ಬರೂ ಅಕ್ಕಪಕ್ಕ ಕೂತು ವೀಳ್ಯದೆಲೆ ಮಾರುತ್ತೇವೆ. ನಲ್ಲೂರು, ತ್ಯಾವಣಿಗೆ ಕಡೆಯಿಂದ ಒಂದೇ ಟೆಂಪೋದಲ್ಲಿ ನಮ್ಮಿಬ್ಬರಿಗೂ ಎಲೆ ಬರುತ್ತದೆ. ಒಂದೇ ತೋಟದ್ದು, ಒಂದೇ ಬಳ್ಳಿಯದು. ನನ್ನ ಎಲೆ ಎರಡನೆಯ ದಿನ ಸಂಜೆಗೆ ಅಂಚು ಕಂದಿ, ತೊಟ್ಟು ಕಪ್ಪಾಗಿ, ನೋಡಿದರೆ ನನಗೇ ತಿನ್ನುವ ಮನಸ್ಸಾಗುವುದಿಲ್ಲ. ಅವಳದು ಮೂರನೆಯ ದಿನವೂ ಆಗತಾನೆ ಕಿತ್ತ ಹಾಗಿರುತ್ತದೆ. ಗಿರಾಕಿಗಳು ನನ್ನ ಮುಂದೆಯೇ ನಿಂತು, ನನ್ನ ಬುಟ್ಟಿಯನ್ನು ದಾಟಿ ನೋಡಿ, "ಗೌಸಿಯಕ್ಕ ಎಲ್ಲಿಗೆ ಹೋಗ್ಯಾರ್ರೀ?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಎಲೆ ಮಾರಲು ಕೂತಿದ್ದೇನೋ ಅವಳ ವಿಚಾರಣೆಯ ಕೌಂಟರ್ ತೆರೆದು ಕೂತಿದ್ದೇನೋ ಅನ್ನುವ ಅನುಮಾನ ನನಗೇ ಬಂದದ್ದಿದೆ.

ಗೌಸಿಯಾಳದು ಸಣಕಲು ಮೈ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ, ತಲೆ ಮೇಲೆ ಸದಾ ಜಾರುವ ಸೆರಗು. ಮಾತು ಕಡಿಮೆ. ಈಚೆಗೆ ಕಟ್ಟು ಬಿಚ್ಚುವಾಗ ಎರಡು ಎಲೆ ತೆಗೆದು ಕೆನ್ನೆಗೆ ಒತ್ತಿ ಕಣ್ಣು ಮುಚ್ಚುತ್ತಾಳೆ. ಗಿರಾಕಿಗಳಿಗೆ ಅದೊಂದು ನೋಟ. ನನಗೆ ಮಾತ್ರ ಅದು ಪಕ್ಕಾ ನಾಟಕ ಅನ್ನಿಸುತ್ತಿತ್ತು.

ಇವಳು ಬಂದದ್ದು ಇಪ್ಪತ್ತೈದು ವರ್ಷದ ಹಿಂದೆ, ನಮ್ಮ ಮನೆ ಬಾಗಿಲಿಗೆ. ಇವಳ ಅಪ್ಪ ಸುಬಾನಸಾಬ ಚನ್ನಗಿರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಗಂಡ ನ್ಯಾಮತಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಅರಳೆಯ ದೂಳು ಎದೆಗೆ ಕೂತು ಮದುವೆಯಾದ ನಾಲ್ಕನೆಯ ವರ್ಷಕ್ಕೆ ಹೋಗಿಬಿಟ್ಟ. ಎರಡು ವರ್ಷದ ಮಗಳು ಶಬ್ನಮ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ನನ್ನ ಅತ್ತೆ ಕೊಲ್ಲಾಪುರಮ್ಮನ ಮುಂದೆ ನಿಂತು, "ಎಲೆ ತೊಳೆಯೋ ಕೆಲಸ ಇದ್ರೆ ಕೊಡ್ರಿ" ಅಂದಳು. ಅಳಲಿಲ್ಲ, ಕಥೆ ಹೇಳಲಿಲ್ಲ. ನಾನು ಆಗ ಮದುವೆಯಾಗಿ ಎರಡು ವರ್ಷವಾಗಿದ್ದ ಸೊಸೆ. ಪಾಪ ಅಂತ ನಾನೇ ಮಗುವಿಗೆ ಹಾಲು ಕೊಟ್ಟೆ. ಆ ಪಾಪ ಅನ್ನುವುದು ಎಷ್ಟು ದಿನ ಇತ್ತು ಅಂದರೆ, ಅತ್ತೆ ಅವಳ ಜೊತೆ ಮಾತಿಗೆ ಕೂರುವವರೆಗೆ.

ಅತ್ತೆಯದು ಎಲೆಯ ಕೈ. ಈ ಕಡೆ ಹೊನ್ನಾಳಿ, ಆ ಕಡೆ ಚನ್ನಗಿರಿಯವರೆಗೆ ಮದುವೆಮನೆಗೆ ಎಲೆ ಬೇಕು ಅಂದರೆ ಕೊಲ್ಲಾಪುರಮ್ಮನ ಹೆಸರು. ಎಲೆ ಒಣಗಿದರೂ ಕೆಡುತ್ತದೆ, ನೆನೆದರೂ ಕೆಡುತ್ತದೆ, ನಡುವೆ ಒಂದು ಹದ ಇದೆ ಅನ್ನುತ್ತಿದ್ದರು. ಬಾಳೆಪಟ್ಟೆ ಹಾಸಿ, ಕಟ್ಟುಗಳನ್ನು ಸುತ್ತಲೂ ಜೋಡಿಸಿ, ಮೇಲೆ ಹಿಂಡಿದ ಗೋಣಿತಟ್ಟು ಹೊದಿಸಿ, ನಡುವೆ ಕೈ ಇಳಿಸಿ ಹದ ನೋಡಬೇಕು. ಅಂಗೈಯಲ್ಲ, ಅಂಗೈಗೆ ಕೆಲಸ ಮಾಡಿ ಮಾಡಿ ಬುದ್ಧಿ ಹೋಗಿರುತ್ತದೆ. ಕೈಯ ಹಿಂಭಾಗ. ಹೊರಗೆ ತೆಗೆದಾಗ ಕೈ ತಣ್ಣಗಿರಬೇಕು, ಒದ್ದೆ ಇರಬಾರದು.

ಆದರೆ ಅತ್ತೆಗೆ ಸಕ್ಕರೆ ಕಾಯಿಲೆ ಹತ್ತಿ ಕೈ ಜೋಮು ಹಿಡಿದಿತ್ತು. ಬಿಸಿ ತಣ್ಣಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ನಾನು ಒಲೆ ಮುಂದೆ ಕೂತಿರುವಾಗಲೇ ಕೂಗು ಬರುತ್ತಿತ್ತು. "ರುದ್ರಿ, ಬಾ ಇಲ್ಲಿ, ಕೈ ಹಾಕು." ನಾನು ಹೋಗಿ ಬುಟ್ಟಿಯೊಳಗೆ ಕೈ ಇಳಿಸಬೇಕು. "ಏನ್ ಹೇಳ್ತೈತೆ ಕೈ?" ಎಂದು ಕೇಳುತ್ತಿದ್ದರು. ನಾನು "ತಣ್ಣಗೈತೆ" ಅಥವಾ "ಒಣಗೈತೆ" ಅನ್ನಬೇಕು. ಅಷ್ಟೇ. ಮತ್ತೆ ಒಲೆ ಮುಂದೆ ಹೋಗಬೇಕು. ಪಕ್ಕದಲ್ಲಿ ಗೌಸಿಯಾ ಕೂತಿರುತ್ತಿದ್ದಳು. ಅವಳಿಗೆ ಮಾತ್ರ ಅತ್ತೆ ಯಾವ ತೋಟದ ಎಲೆ ಎಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಏನು, ಮಳೆಗಾಲದಲ್ಲಿ ಏನು ಎಂದು ತಾಸುಗಟ್ಟಲೆ ಹೇಳುತ್ತಿದ್ದರು. ಮನೆಸೊಸೆಯ ಬರೀ ಕೈ ಬೇಕು, ಹೊರಗಿನವಳಿಗೆ ವಿದ್ಯೆ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಲ್ಲಿ.

ಆಮೇಲೆ ಒಂದು ದಿನದಿಂದ ಅತ್ತೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಕೈ ಹಾಕುವುದಕ್ಕೂ ಗೌಸಿಯಾಳೇ ಆದಳು. ಯಾಕೆ ಬಿಟ್ಟರು ಅನ್ನುವುದನ್ನು ಈಗ ಹೇಳುವುದಿಲ್ಲ, ಮುಂದೆ ಹೇಳಲೇಬೇಕಾಗುತ್ತದೆ. ಕೊನೆಗೆ ಪ್ರಾಣ ಬಿಡುವ ಮುಂಚೆ ತಮ್ಮ ಬೆತ್ತದ ಬುಟ್ಟಿಯನ್ನು, ಅಂಚು ಸವೆದು ಕನ್ನಡಿಯಾಗಿದ್ದ ಆ ಬುಟ್ಟಿಯನ್ನು, ಗೌಸಿಯಾಳಿಗೆ ಕೊಟ್ಟರು. ನನಗೆ ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟರು. ಆ ಬಟ್ಟಲನ್ನು ನಾನು ಇವತ್ತಿಗೂ ಉಪಯೋಗಿಸಿಲ್ಲ.

ಇನ್ನು ಹಾವಿನ ವಿಷಯ.

ಗೌಸಿಯಾಳ ತಮ್ಮ ಸೈಫುಲ್ಲಾ ಬಸ್‌ಸ್ಟ್ಯಾಂಡ್ ಹತ್ತಿರ ಅಕ್ವೇರಿಯಂ ಅಂಗಡಿ ಇಟ್ಟಿದ್ದಾನೆ. ಬಣ್ಣದ ಮೀನು, ಗಾಜಿನ ತೊಟ್ಟಿ, ಮೀನಿನ ಆಹಾರ. ಹೋದ ವರ್ಷ ಶಿವಮೊಗ್ಗದ ಅವನ ಗೆಳೆಯನೊಬ್ಬ ವರ್ಗವಾಗಿ ಹೋಗುವಾಗ ತಾನು ಸಾಕಿದ್ದ ಹೆಬ್ಬಾವಿನ ಮರಿಯನ್ನು ಇವನಿಗೆ ಕೊಟ್ಟುಹೋದ. ಮುಂಗೈ ದಪ್ಪ, ಎರಡೂವರೆ ಅಡಿ ಉದ್ದ, ಕಂದು ಮೈಮೇಲೆ ಹೊಂಬಣ್ಣದ ಪಟ್ಟೆ. ಹೆದರಿದರೆ ಕಚ್ಚುವುದಿಲ್ಲ, ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ. ಮಾಗಿದ ಖರ್ಜೂರದ ಬಣ್ಣ ಅಂತ ಖಜೂರಿ ಎಂದು ಹೆಸರಿಟ್ಟ. ಹಾವು ಸಾಕುವುದು ಅಪರಾಧವಲ್ಲವೇ ಎಂದು ನಾನು ಆಸೆಯಿಂದಲೇ ಕೇಳಿದೆ.

"ನಮ್ಮ ನಾಡಿನ ಹಾವು ಇಟ್ಕೊಂಡ್ರೆ ಜೈಲೇ ರುದ್ರಕ್ಕ. ಇದು ಆಫ್ರಿಕಾದ್ದು. ಸರ್ಕಾರದಾಗೆ ನೋಂದಣಿ ಆಗೈತೆ, ಕಾಗದ ಐತೆ" ಎಂದ. ಆ ಕಾಗದವನ್ನು ಫ್ರೇಮು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದ.

ಹಾವಿಗೆ ಒಂದೇ ಕಷ್ಟ, ಪೊರೆ ಬಿಡುವುದು. ಒಳ್ಳೆ ಆರೋಗ್ಯದ ಹಾವು ತನ್ನ ಪೊರೆಯನ್ನು ಮೂತಿಯಿಂದ ಬಾಲದ ತುದಿಯವರೆಗೆ ಕಾಲುಚೀಲದಂತೆ ಇಡಿಯಾಗಿ ಕಳಚಿಹಾಕುತ್ತದಂತೆ. ಖಜೂರಿಯದು ಹಳೇ ಗೋಡೆಯ ಸುಣ್ಣ ಎದ್ದ ಹಾಗೆ ಚೂರು ಚೂರಾಗಿ ಬರುತ್ತಿತ್ತು. ಬಾಲದ ತುದಿಯಲ್ಲಿ ಒಂದು ಸುತ್ತು ಬಿಗಿಯಾಗಿ ಉಳಿದು ರಕ್ತ ಓಡದ ಹಾಗೆ ಹಿಡಿದುಕೊಂಡಿತ್ತು. ಕಣ್ಣಿನ ಮೇಲಿನ ಪೊರೆಯೂ ಉಳಿದುಬಿಟ್ಟಿತ್ತು. ಹೊನ್ನಾಳಿಯ ಪಶುವೈದ್ಯೆ ಮೇಘಶ್ರೀ ಮೇಡಂ ನೋಡಿ, ಕಣ್ಣಿನದನ್ನು ಉಗುರಲ್ಲಿ ಕೀಳಲು ಹೋಗಬೇಡಿ, ಕಣ್ಣೇ ಹೋಗುತ್ತದೆ ಅಂದರಂತೆ. ಅಂಗಡಿಯ ತಗಡಿನ ಮಾಡು ಕಾದು ಗಾಳಿಯ ಪಸೆಯೆಲ್ಲ ಹೀರಿಬಿಡುತ್ತದೆ, ಪೆಟ್ಟಿಗೆಯ ಗಾಳಿಯಲ್ಲಿ ತೇವ ಇರಬೇಕು, ತೇವ ಅಳೆಯುವ ಮೀಟರು ಅರವತ್ತು ತೋರಿಸಬೇಕು, ಪೊರೆ ಬಿಡುವ ಕಾಲಕ್ಕೆ ಎಪ್ಪತ್ತಾದರೂ ಸರಿ ಎಂದರಂತೆ. ಸೈಫುಲ್ಲಾ ನೀರು ಚಿಮುಕಿಸಿದ. ಒಂದು ಗಂಟೆ ಕೆಳಗೆಲ್ಲ ಕೆಸರು, ಆಮೇಲೆ ಮತ್ತೆ ಬೆಂಗಾಡು.

ಇದನ್ನೆಲ್ಲ ಅವನು ಅಕ್ಕನ ಮುಂದೆ ಕೂತು ಹೇಳುವಾಗ ನಾನು ಪಕ್ಕದಲ್ಲೇ ಎಲೆ ತೊಟ್ಟು ಮುರಿಯುತ್ತಿದ್ದೆ. ಗೌಸಿಯಾ ಕೇಳಿ ಮುಗಿಸಿ ಒಂದೇ ಮಾತು ಹೇಳಿದಳು. "ಹಾವಿಗೆ ನೀರು ಬ್ಯಾಡ. ತಂಪು ಬೇಕು. ಎಲೆಗೂ ಅಷ್ಟೇ ಅಲ್ವಾ?"

ಪೆಟ್ಟಿಗೆಯನ್ನು ಅವಳ ಮನೆಯ ಎಲೆಕೋಣೆಗೆ ತರಿಸಿದಳು. ಮಣ್ಣಿನ ಗೋಡೆ, ನೆಲಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಯಾವ ಬೇಸಿಗೆಯಲ್ಲೂ ತಣ್ಣಗಿರುವ ಕೋಣೆ. ಹಾವಿಗೆ ಬೆಚ್ಚಗೂ ಬೇಕಂತೆ, ಅದಕ್ಕೆ ಒಂದು ಮೂಲೆಯಡಿ ಸೈಫುಲ್ಲಾ ಕರೆಂಟಿನ ಚಾಪೆ ಹಾಕಿದ. ಇನ್ನೊಂದು ಮೂಲೆಗೆ ಇವಳು ಮುಚ್ಚಳದ ಒಂದು ಡಬ್ಬಿಗೆ ತೂತು ಕೊರೆದು, ಒಳಗೆ ತೆಂಗಿನ ನಾರು ನೆನೆಸಿ ಹಿಂಡಿ ತುಂಬಿಸಿದಳು. ಮುಷ್ಟಿಯಲ್ಲಿ ಒತ್ತಿದರೆ ಹನಿ ಬೀಳಬಾರದು, ಬಿಟ್ಟರೆ ಉಂಡೆ ಉದುರಬಾರದು. ಬೇಕು ಅನ್ನಿಸಿದಾಗ ಹಾವು ತಾನೇ ಒಳಗೆ ಹೋಗಿ ಕೂರಲಿ, ಸಾಕಾದಾಗ ಒಣನೆಲಕ್ಕೆ ಬರಲಿ. ಪೆಟ್ಟಿಗೆಯ ಗಾಳಿ ತೂತುಗಳನ್ನು ಮುಚ್ಚಲಿಲ್ಲ.

ಮೂರು ವಾರಕ್ಕೆ ಪೊರೆ ಬಂತು. ಇಡಿಯಾಗಿ. ಕಣ್ಣಿನ ಎರಡು ಮುಚ್ಚಳವೂ ಅದರಲ್ಲೇ ಇದ್ದವು, ಬಾಲದ ತುದಿಯ ಸುತ್ತೂ ಬಂದಿತ್ತು. ಸೈಫುಲ್ಲಾ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಮಾರ್ಕೆಟ್ಟಿಗೆ ತಂದ. ಸೊಪ್ಪಿನವರು, ಕುಂಕುಮದವರು, ಬಳೆಯವರು ಎಲ್ಲ ಬಂದು ನೋಡಿದರು. ಮೇಘಶ್ರೀ ಮೇಡಂ ಹೊನ್ನಾಳಿಯಿಂದ ಸ್ಕೂಟರಿನಲ್ಲಿ ಬಂದು, ಗೌಸಿಯಾಳ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಆ ಫೋಟೋದ ಅಂಚಿನಲ್ಲಿ ನನ್ನ ಬುಟ್ಟಿಯೂ ನನ್ನ ಅರ್ಧ ಮೊಳಕೈಯೂ ಬಂದಿದೆ.

"ಹಾವು ತಾನೇ ಬಿಟ್ಟಿದ್ದು. ಇವಳೇನು ಕೂತು ಸುಲಿದ್ಲಾ?" ಎಂದು ನಾನು ಕುಂಕುಮದವಳಿಗೆ ಹೇಳಿದೆ. ಅವಳು ನಗಲಿಲ್ಲ.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಹಿಮ್ಮಡಿ ಒಡೆದವರು, ತುಟಿ ಬಿರಿದವರು, ಅಣಬೆ ಬೆಳೆಯುವವರು, ಎಲ್ಲರೂ ಗೌಸಿಯಕ್ಕನನ್ನು ಕೇಳಲು ಬಂದರು. ಖಜೂರಿ ಮತ್ತೆ ಮತ್ತೆ ಇಡೀ ಪೊರೆ ಬಿಟ್ಟಿತು. ಸೈಫುಲ್ಲಾ ಪ್ರತಿಯೊಂದನ್ನೂ ಗಾಜಿನ ಹಲಗೆಗೆ ಅಂಟಿಸಿ ಅಂಗಡಿಯಲ್ಲಿ ಇಟ್ಟ. ಅದು ನಮ್ಮ ಅತ್ತೆಯ ವಿದ್ಯೆ, ನಮ್ಮ ಮನೆಯ ವಿದ್ಯೆ ಅಂತ ಒಬ್ಬರಿಗೂ ನೆನಪಾಗಲಿಲ್ಲ. ಒಂದು ಹಾವಿನ ಪೊರೆಗೆ ಇಷ್ಟು ಉರಿದುಕೊಳ್ಳುತ್ತಿದ್ದೀಯಲ್ಲ ಎಂದು ಮರುಳಪ್ಪನವರು ನಕ್ಕರು. ಮೂರು ದಿನ ಅವರ ಸಾರಿಗೆ ಉಪ್ಪು ಕಡಿಮೆ ಹಾಕಿದೆ.

ಈ ವರ್ಷ ಏಪ್ರಿಲ್‌ನಲ್ಲಿ ಜಗಳೂರಿನಿಂದ ಫೋನು ಬಂತು. ಶಬ್ನಮ್‌ಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ಎರಡನೆಯ ಹೆರಿಗೆ, ಆಪರೇಷನ್ ಆಗಿತ್ತು, ತಾಯಿ ಹೋಗಲೇಬೇಕು, ಮೂರು ವಾರ ಅಂತೂ ಬರುವ ಹಾಗಿಲ್ಲ. ಎಲೆಕೋಣೆಗೆ ಬೀಗ. ಖಜೂರಿ ಮತ್ತೆ ತಗಡಿನ ಅಂಗಡಿಗೆ ಹೋಗಬೇಕು, ಅದೂ ಬೇಸಿಗೆಯ ನಟ್ಟನಡುವೆ. ಅಕ್ಕ ತಮ್ಮ ಇದೇ ಚಿಂತೆಯಲ್ಲಿ ನಿಂತಿದ್ದಾಗ ನಾನು ಬಾಯಿ ಹಾಕಿದೆ.

"ನಮ್ಮ ಎಲೆಕೋಣೆ ಇಲ್ವಾ? ಅತ್ತೆ ಕೋಣೆ. ನೀನು ಕಲಿತಿದ್ದೇ ಅಲ್ಲಿ. ನಾನು ನೋಡ್ಕೊಂತೀನಿ."

ಉಪಕಾರದ ಬುದ್ಧಿಯಿಂದ ಹೇಳಿದ್ದಲ್ಲ. ಆ ಹಾವು ನನ್ನ ಕೋಣೆಯಲ್ಲಿ, ನನ್ನ ಕೈಯಲ್ಲಿ, ಇಡಿಯಾಗಿ ಒಂದು ಪೊರೆ ಬಿಡಬೇಕು. ಆ ಪೊರೆಯನ್ನು ನಾನು ಪೇಪರಿನಲ್ಲಿ ಸುತ್ತಿ ಮಾರ್ಕೆಟ್ಟಿಗೆ ತರಬೇಕು. ಕೊಲ್ಲಾಪುರಮ್ಮನ ಕೈ ಸೊಸೆಗೂ ಬಂದಿದೆ ಅಂತ ನ್ಯಾಮತಿಯ ಮಾರ್ಕೆಟ್ಟು ನೋಡಬೇಕು. ಇಷ್ಟೇ ನನಗೆ ಬೇಕಿದ್ದದ್ದು.

ಗೌಸಿಯಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಆಗ್ಲಿ ರುದ್ರಕ್ಕ. ಮೀಟರು ಐತೆ, ನೋಡು. ಆದ್ರೂ ದಿನಾ ಒಂದ್ಸಲ ಕೈ ಹಿಂದಗಡೆ ಮಾಡಿ ಹಾಕು. ಕೈ ಹೇಳಿದ್ದು ಕೇಳು" ಅಂದಳು. ನನಗೆ ನನ್ನ ಅತ್ತೆಯ ಪಾಠವನ್ನು ಇವಳು ಹೇಳಿಕೊಡುತ್ತಿದ್ದಾಳೆ. ಹಲ್ಲು ಕಚ್ಚಿಕೊಂಡು ತಲೆ ಆಡಿಸಿದೆ.

ಮೊದಲ ವಾರ ಚೆನ್ನಾಗಿಯೇ ಇತ್ತು. ಹಾವಿನ ಭಯವೂ ಬಿಟ್ಟಿತು. ಹತ್ತಿರದಿಂದ ನೋಡಿದರೆ ಪಾಪದ ಪ್ರಾಣಿ, ನೀರಿನ ಬಟ್ಟಲಿನ ಅಂಚಿಗೆ ಗದ್ದ ಇಟ್ಟುಕೊಂಡು ಮಲಗುತ್ತದೆ. ಎಂಟನೆಯ ದಿನಕ್ಕೆ ಅದರ ಬಣ್ಣ ಮಾಸಿತು, ಕಣ್ಣು ಹಾಲು ಬೆರೆಸಿದ ಹಾಗಾಯಿತು. ಪೊರೆ ಬಿಡುವ ಗುರುತು. ಸೈಫುಲ್ಲಾ ದಿನ ಬಿಟ್ಟು ದಿನ ನೋಡಲು ಬರುತ್ತಿದ್ದ. "ಈಗ ಮುಚ್ಚಳ ತೆಗೀಬ್ಯಾಡಪ್ಪ, ಬೆದರ್ತೈತೆ. ಆದ್ಮೇಲೆ ನಾನೇ ಹೇಳಿಕಳಿಸ್ತೀನಿ" ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದೆ. ಅವನಿಗೂ ಅದು ಸರಿ ಅನ್ನಿಸಿತು, ಪೊರೆ ಬಿಡುವ ಹಾವನ್ನು ಮುಟ್ಟಬಾರದು ಅಂತ ಮೇಡಂ ಕೂಡ ಹೇಳಿದ್ದರಂತೆ.

ಎರಡು ದಿನ ಕಾದೆ. ಬರಲಿಲ್ಲ. ಎಲ್ಲಿ ಚೂರಾಗಿಬಿಡುತ್ತದೋ, ಎಲ್ಲಿ ನನ್ನ ಮರ್ಯಾದೆ ಹೋಗುತ್ತದೋ ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಚಿಮುಕಿಸಿದೆ. ಸಾಲದು ಅನ್ನಿಸಿತು. ದೊಡ್ಡ ಮದುವೆಗೆ ಎಲೆ ಕಟ್ಟುವಾಗ ನಮ್ಮಲ್ಲಿ ಒಂದು ಪದ್ಧತಿ ಇದೆ. ಬುಟ್ಟಿಯ ಸುತ್ತ ಬಾಳೆಪಟ್ಟೆ ಬಿಗಿದು, ಮೇಲೆ ಗೋಣಿತಟ್ಟು ಹೊದಿಸಿ, ಅದರ ಮೇಲೊಂದು ಕಲ್ಲು ಹೇರಿ, ಮಾರನೆಯ ದಿನ ಮುಹೂರ್ತದವರೆಗೆ ಗಾಳಿ ಆಡದ ಹಾಗೆ ಇಡುತ್ತೇವೆ. ಒಂದು ದಿನಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ನಾನು ಖಜೂರಿಯ ಪೆಟ್ಟಿಗೆಯನ್ನು ಹಾಗೆ ಕಟ್ಟಿದೆ. ಗಾಳಿ ತೂತುಗಳ ಮೇಲೆ ಬಾಳೆಪಟ್ಟೆ, ಅದರ ಮೇಲೆ ಒದ್ದೆ ಗೋಣಿ, ಮೇಲೆ ಅರೆಯುವ ಗುಂಡುಕಲ್ಲು. ಒಂದು ದಿನವಲ್ಲ, ನಾಲ್ಕು ದಿನ. ಒಳಗಿನ ಮೀಟರಿನ ಗಾಜು ಮಬ್ಬಾಗಿ ಅಂಕಿಯೇ ಕಾಣದಾಯಿತು. ನಮ್ಮ ಅತ್ತೆಗೆ ಯಾವ ಮೀಟರು ಇತ್ತು ಎಂದು ಅದನ್ನು ತೆಗೆದು ಗೂಡಿನಲ್ಲಿಟ್ಟೆ.

ಕೈ ಹಾಕಿ ನೋಡಲಿಲ್ಲವೇ ಅಂದರೆ, ನೋಡಿದೆ. ಗೋಣಿಯ ಒಂದು ಮೂಲೆ ಎತ್ತಿ, ಮುಚ್ಚಳ ಸರಿಸಿ, ಕೈಯ ಹಿಂಭಾಗ ಇಳಿಸಿದೆ. ಹೊರಗೆ ತೆಗೆದಾಗ ಬೆರಳ ತುದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು. ಸೀರೆಗೆ ಒರೆಸಿಕೊಂಡೆ.

ಅವತ್ತೇ ಗೌಸಿಯಾಳ ಫೋನು. ಜಗಳೂರಿನ ಗಾಳಿ ಕಾದ ಕಾವಲಿ, ಮಗುವಿನ ಬಟ್ಟೆ ಹಿಂಡುವುದರೊಳಗೆ ಒಣಗುತ್ತದೆ, ಶಬ್ನಮ್ ತುಟಿ ಬಿರಿದು ರಕ್ತ ಬರುತ್ತಿದೆ, ತೊಟ್ಟಿಲ ಸುತ್ತ ಒದ್ದೆ ಸೀರೆ ಕಟ್ಟಿದ್ದೇನೆ ಎಂದೆಲ್ಲ ಹೇಳಿ ಕೇಳಿದಳು, "ಕೈ ಹಾಕಿ ನೋಡಿದ್ಯಾ?"

"ನೋಡಿದೆ."

"ಏನ್ ಹೇಳ್ತೈತೆ ಕೈ?"

"ತಣ್ಣಗೈತೆ" ಅಂದೆ.

ಹದಿನಾಲ್ಕನೆಯ ದಿನ ಕೋಣೆಯ ಬಾಗಿಲು ತೆಗೆದಾಗ ವಾಸನೆ ಬಂತು. ಆ ವಾಸನೆ ನನಗೆ ಗೊತ್ತು. ಕೊಳೆತ ಎಲೆಯದು. ಕಲ್ಲು ಇಳಿಸಿ, ಗೋಣಿ ಎಸೆದು, ಮುಚ್ಚಳ ತೆಗೆದೆ. ಹಾವು ನೀರಿನ ಬಟ್ಟಲಿನ ಮೇಲೆ ಹತ್ತಿ, ಆದಷ್ಟು ಮೈಯನ್ನು ನೆಲದಿಂದ ಮೇಲೆತ್ತಿಕೊಂಡು ಕೂತಿತ್ತು. ಹೊಟ್ಟೆಯ ಕೆಳಗೆ ಕೆಂಪು ಗುಳ್ಳೆ, ಕೆಲವು ಒಡೆದು ಮೈಮೇಲಿನ ಹುರುಪೆ ಎದ್ದಿತ್ತು. ಪೊರೆ ಬಿಟ್ಟಿರಲಿಲ್ಲ. ಹಾಲುಗಣ್ಣು ಹಾಗೇ ಇತ್ತು. ಕುರುಡಾಗಿ ನನ್ನ ಕಡೆಗೆ ನಾಲಗೆ ಚಾಚಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಈಗ ಆ ಮಾತು ಹೇಳಬೇಕು.

ಅತ್ತೆ ನನ್ನನ್ನು ಕರೆಯುವುದು ಯಾಕೆ ಬಿಟ್ಟರು ಅಂದರೆ, ನಾನು ಸುಳ್ಳು ಹೇಳಿದ್ದೆ. ಹೊನ್ನಾಳಿಯ ಒಂದು ದೊಡ್ಡ ಮನೆಯ ಮದುವೆಗೆ ಎಲೆ ಕಟ್ಟುತ್ತಿದ್ದ ದಿನ. ಅತ್ತೆ ಬೆಳಿಗ್ಗೆಯಿಂದ ಗೌಸಿಯಾಳ ಜೊತೆ ನಗುತ್ತಾ ಮಾತಾಡುತ್ತಿದ್ದರು. ನನ್ನ ಜೊತೆ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಕರೆದರು, ಕೈ ಹಾಕಿದೆ, ಕೈ ಒದ್ದೆಯಾಗಿ ಬಂತು. "ಏನ್ ಹೇಳ್ತೈತೆ?" ಅಂದರು. "ಒಣಗೈತೆ" ಅಂದೆ. ಅತ್ತೆ ಇನ್ನೆರಡು ಬೊಗಸೆ ನೀರು ಚಿಮುಕಿಸಿ ಕಟ್ಟಿ ಕಲ್ಲು ಹೇರಿಸಿದರು. ಮಾರನೆಯ ದಿನ ಮದುವೆಮನೆಯಲ್ಲಿ ಬಿಚ್ಚಿದಾಗ ನಾಲ್ಕು ಬುಟ್ಟಿ ಎಲೆಯೂ ಲೋಳೆ. ಕೊಲ್ಲಾಪುರಮ್ಮ ಬೀಗರ ಮುಂದೆ ಕೈ ಮುಗಿದು ನಿಂತರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಮನೆಗೆ ಬಂದು ನನಗೆ ಒಂದು ಮಾತೂ ಕೇಳಲಿಲ್ಲ. ಮರುದಿನದಿಂದ ಕರೆಯಲಿಲ್ಲ. ವಯಸ್ಸಾಯಿತು, ಅವರೇ ನೀರು ಹೆಚ್ಚು ಹಾಕಿರಬೇಕು ಎಂದು ಬಂದವರಿಗೆಲ್ಲ ನಾನೇ ಹೇಳಿದೆ. ಇಪ್ಪತ್ತೆರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನಿಗೂ.

ಸೈಫುಲ್ಲಾನಿಗೆ ನಾನೇ ಫೋನು ಮಾಡಿದೆ. ಅವನು ಮೇಘಶ್ರೀ ಮೇಡಂನ ಕರೆದುಕೊಂಡು ಬಂದ. ಮೇಡಂ ಹಾವನ್ನು ಎತ್ತಿ ತಿರುಗಿಸಿ ನೋಡಿದರು. ಇನ್ನು ಎರಡು ಮೂರು ದಿನ ಬಿಟ್ಟಿದ್ದರೆ ನಂಜು ರಕ್ತಕ್ಕೆ ಸೇರುತ್ತಿತ್ತು ಅಂದರು. ಇಂಜೆಕ್ಷನ್ ಕೊಟ್ಟು, ತೆಳ್ಳಗೆ ಮಾಡಿದ ಅಯೋಡಿನ್ ನೀರಿನಲ್ಲಿ ಹೊಟ್ಟೆ ಅದ್ದಿ, ನಾರೆಲ್ಲ ತೆಗೆಸಿ ಒಣ ಪೇಪರು ಹಾಸಿಸಿದರು. ದಿನಕ್ಕೆರಡು ಸಲ ಪೇಪರು ಬದಲಿಸಿ, ಉಳಿಯುತ್ತದೆ ಅಂತ ಭರವಸೆ ಕೊಡಲಾರೆ ಅಂದರು. ಸೈಫುಲ್ಲಾ ಕೂಗಾಡಲಿಲ್ಲ. ಗೂಡಿನಲ್ಲಿದ್ದ ಮೀಟರು ಎತ್ತಿಕೊಂಡು, "ನಂಗೆ ನೋಡಾಕೆ ಬಿಡ್ಲಿಲ್ಲ ನೀವು" ಅಂದ, ಅಷ್ಟೇ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಗೌಸಿಯಾ ಬಂದಳು. ಬಾಣಂತಿಯನ್ನು ಅತ್ತೆಮನೆಯವರ ಕೈಗೆ ಬಿಟ್ಟು, ಎರಡು ಬಸ್ಸು ಬದಲಿಸಿ, ಒಂದು ಹಾವಿಗಾಗಿ ಬಂದಿದ್ದಳು. ಕೋಣೆಗೆ ಇಳಿದು ಖಜೂರಿಯನ್ನು ನೋಡಿದಳು. ಮೂಲೆಯಲ್ಲಿ ಬಿದ್ದಿದ್ದ ಬಾಳೆಪಟ್ಟೆ, ಗೋಣಿ, ಗುಂಡುಕಲ್ಲು ನೋಡಿದಳು. ನಾನು ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ. ಎದುರುತ್ತರವೂ ಸಿದ್ಧವಾಗಿತ್ತು.

"ಮದುವೆ ಎಲೆ ಕಟ್ಟಿದಂಗೆ ಕಟ್ಟೀಯಲ್ಲ ರುದ್ರಕ್ಕ" ಅಂದಳು.

ನಾನು ಗುಂಡುಕಲ್ಲನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದೆ.

"ಕೈ ಏನ್ ಹೇಳಿತ್ತು?"

"ಒದ್ದೆ" ಅಂದೆ.

ಅವಳು ಮೆಟ್ಟಿಲ ಮೇಲೆ ಕೂತು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಹೊನ್ನಾಳಿ ಮದುವೆ ಎಲೆ ಕೊಳೆತ ದಿನ ನಿಮ್ಮತ್ತೆ ನನ್ನ ಮುಂದೆ ಹೇಳಿದ್ರು. ರುದ್ರಿ ಕೈ ಸುಳ್ಳು ಹೇಳಲ್ಲ ಕಣೇ, ಅಂಥಾ ಕೈ ನಾನು ಎಲ್ಲೂ ನೋಡಿಲ್ಲ. ಬಾಯಿ ಹೇಳ್ತೈತೆ. ಬಾಯಿ ಕೈ ಹೇಳಿದಂಗೆ ಕೇಳೋವರ್ಗೂ ಕಾಯಾಕೆ ನನಗೆ ಆಯಸ್ಸಿಲ್ಲ, ನೀನು ಕಾಯಿ ಅಂದ್ರು."

ಅತ್ತೆಗೆ ಗೊತ್ತಿತ್ತು. ಬೀಗರ ಮುಂದೆ ಕೈ ಮುಗಿಯುವಾಗಲೇ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಹದಿನೆಂಟು ವರ್ಷ ನನ್ನ ಪಕ್ಕ ಕೂತು, ನನ್ನ ಕೊಂಕು ಕೇಳಿಕೊಂಡು, ಒಂದು ದಿನವೂ ಇದನ್ನು ಬಾಯಿ ಬಿಟ್ಟಿರಲಿಲ್ಲ. ಆಗ ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಇಷ್ಟು ದಿನ ಸುಮ್ಮನಿರುವುದೂ ಇವಳಿಗೇ ಬರಬೇಕೇ.

"ಹಂಗಾದ್ರೆ ಬುಟ್ಟಿ ನಿನಗ್ಯಾಕೆ ಕೊಟ್ರು?" ಎಂದು ಕೇಳಿಯೇಬಿಟ್ಟೆ.

"ನನ್ನ ಕೈ ಸುಮಾರು. ಬಾಯಿ ಪರವಾಗಿಲ್ಲ. ಅದಕ್ಕೆ" ಅಂದಳು. ಆಮೇಲೆ ತನ್ನ ಎರಡೂ ಕೈ ನನ್ನ ಮುಂದೆ ಚಾಚಿದಳು. "ಈಗ ಅದೂ ಇಲ್ಲ. ಎರಡು ವರ್ಷ ಆತು, ಸಕ್ಕರೆ. ಜೋಮು. ಎಲೆ ಆದ್ರೆ ಕೆನ್ನೆಗೆ ಒತ್ತಿ ನೋಡ್ತೀನಿ. ಹಾವಿನ ಪೆಟ್ಟಿಗೇಲಿ ಕೆನ್ನೆ ಇಡಾಕೆ ಆಗ್ತೈತಾ? ನೀನು ಕೈ ಹಾಕು. ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ."

ಅವಳು ಎಲೆಯನ್ನು ಕೆನ್ನೆಗೆ ಒತ್ತುವುದನ್ನು ನಾಟಕ ಅಂದುಕೊಂಡಿದ್ದೆನಲ್ಲ, ಅದು ಇದು.

ಗೌಸಿಯಾ ಜಗಳೂರಿಗೆ ವಾಪಸು ಹೋದಳು. ಉಳಿದ ದಿನವೆಲ್ಲ ನಾನು ಹಾವಿನ ಬಾಣಂತನ ಮಾಡಿದೆ. ಪೇಪರು ಬದಲಿಸಿದೆ, ಮುಲಾಮು ಹಚ್ಚಿದೆ, ಸೈಫುಲ್ಲಾನಿಗೆ ದಿನಾ ಮುಚ್ಚಳ ತೆಗೆದು ತೋರಿಸಿದೆ. ಮೊದಲ ಪೊರೆ ಚೂರು ಚೂರಾಗಿಯೇ ಬಂತು, ಎರಡನೆಯದೂ ಅಷ್ಟೇ, ಹೊಟ್ಟೆಯ ಗಾಯದ ಹತ್ತಿರ ಹರಿದುಹೋಗಿತ್ತು. ಮೂರನೆಯದು ಆಗಸ್ಟ್‌ನಲ್ಲಿ ಇಡಿಯಾಗಿ ಬಂತು. ಅಷ್ಟರಲ್ಲಿ ಪೆಟ್ಟಿಗೆ ಗೌಸಿಯಾಳ ಕೋಣೆಗೆ ಹೋಗಿತ್ತು, ಹಾಗಾಗಿ ಮಾರ್ಕೆಟ್ಟಿನವರ ಲೆಕ್ಕದಲ್ಲಿ ಅದೂ ಅವಳದೇ. ಅಲ್ಲ, ರುದ್ರಕ್ಕನ ಕೈ ಎಂದು ಅವಳು ಎಲ್ಲರಿಗೂ ಹೇಳಿದಳು. ಅವಳ ವಿನಯ ಅಂದುಕೊಂಡು ಅವಳನ್ನೇ ಇನ್ನಷ್ಟು ಹೊಗಳಿದರು.

ಈಗ ದಿನಾ ಬೆಳಿಗ್ಗೆ ಟೆಂಪೋ ಬರುವ ಮುಂಚೆ ಅವಳ ಎಲೆಕೋಣೆಗೆ ಹೋಗುತ್ತೇನೆ. ಮೊದಲು ಖಜೂರಿಯ ಪೆಟ್ಟಿಗೆಗೆ ಕೈ, ಆಮೇಲೆ ಅವಳ ಬುಟ್ಟಿಗೆ, ಆ ಬೆತ್ತದ ಬುಟ್ಟಿಗೆ. ಅದನ್ನು ಅವಳು ನನಗೆ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ನನ್ನ ಎಲೆಯೂ ಈಗ ಮೂರನೆಯ ದಿನಕ್ಕೆ ನಿಲ್ಲುತ್ತಿದೆ, ಅದನ್ನು ಯಾರಾದರೂ ಗಮನಿಸಲಿ ಎಂದು ಕಾಯುತ್ತಿದ್ದೇನೆ.

ಹೋದ ವಾರ ಹೊನ್ನಾಳಿಯಿಂದ ಒಂದು ಮದುವೆಯ ಆರ್ಡರು ಬಂತು. ಆರು ಬುಟ್ಟಿ ಎಲೆ. ಬಂದವರು ನನ್ನ ಮುಂದೆ ನಿಂತು, ನನ್ನನ್ನು ದಾಟಿ ನೋಡಿ, ಗೌಸಿಯಾಳಿಗೆ ಹೇಳಿಹೋದರು. ಅದು ಅದೇ ದೊಡ್ಡ ಮನೆ, ಅವತ್ತು ನಾವು ಎಲೆ ಕೊಟ್ಟ ಮನೆ. ಮದುಮಗಳು ಅವತ್ತಿನ ಮದುಮಗಳ ಮಗಳು.

ಎಲೆ ಕಟ್ಟುವ ದಿನ ಬೆಳಿಗ್ಗೆ ಹೋದೆ. ರಾತ್ರಿಯೆಲ್ಲ ಉರಿದುಕೊಂಡಿದ್ದೆ. ಗೌಸಿಯಾ ನೀರಿನ ಪಾತ್ರೆ ಪಕ್ಕದಲ್ಲಿಟ್ಟುಕೊಂಡು, ಬೊಗಸೆ ತುಂಬಿಕೊಂಡು ಕೂತಿದ್ದಳು. ನಾನು ಬುಟ್ಟಿಯ ನಡುವೆ ಕೈಯ ಹಿಂಭಾಗ ಇಳಿಸಿದೆ. ಎಲೆಗಳ ನಡುವೆ ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು. ಹೊರಗೆ ತೆಗೆದಾಗ ಬೆರಳಿನ ಗೆಣ್ಣುಗಳ ಮೇಲೆ ಪಸೆ ಹೊಳೆಯುತ್ತಿತ್ತು. ಅವಳ ಕನ್ನಡಕಕ್ಕೆ ಅದು ಕಾಣುವುದಿಲ್ಲ, ಅವಳ ಬೆರಳಿಗೆ ತಿಳಿಯುವುದಿಲ್ಲ.

"ಏನ್ ಹೇಳ್ತೈತೆ ಕೈ?" ಅಂದಳು.

ಅದ್ಯಾವ ಮಾತು ನನ್ನ ನಾಲಗೆಯ ತುದಿಗೆ ಬಂತು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಬಂತು. ಅಲ್ಲೇ ನಿಂತಿತು. ಅವಳು ಬೊಗಸೆ ಎತ್ತಿಕೊಂಡು ಕಾಯುತ್ತಿದ್ದಳು, ಬೆರಳ ಸಂದಿನಿಂದ ನೀರು ಸೋರುತ್ತಿತ್ತು.

"ಒದ್ದೆ ಐತೆ. ಇನ್ನೊಂದು ಹನಿ ಬ್ಯಾಡ" ಅಂದೆ.

ಅವಳು ಬೊಗಸೆಯ ನೀರನ್ನು ಪಾತ್ರೆಗೆ ವಾಪಸು ಸುರಿದಳು.

"ಈ ಆರ್ಡರು ನನಗೆ ಬರಬೇಕಿತ್ತು" ಅಂದೆ. ಅದನ್ನೂ ಕೈ ಹೇಳಿದ ಹಾಗೇ ಹೇಳಿದೆ.